ಪಿಕ್ ಲೈನ್ (ಔಷಧ ಕೊಡಲು ತೋಳಿನ ರಕ್ತನಾಳದೊಳಗೆ ಇಡುವ ತೆಳು ಕೊಳವೆ) ಹಾಕಿ ಮನೆಗೆ ಕಳಿಸಿದ್ದಾರೆ. ಆಂಟಿಬಯೋಟಿಕ್ ನಾನೇ ಹಾಕಿಕೊಳ್ಳಬಹುದಾ?

ಹಾಕಿಕೊಳ್ಳಬಹುದು. ಆದರೆ ಮೊದಲು ನರ್ಸ್ ಎದುರು ನೀವೇ ಮಾಡಿ ತೋರಿಸಿ, ಅವರು ಸರಿ ಎನ್ನಬೇಕು. ಮೂಳೆ ಸೋಂಕಿನಂಥ ಕಾಯಿಲೆಗೆ ವಾರಗಟ್ಟಲೆ ಔಷಧ ಬೇಕಾಗುತ್ತದೆ. ಅಷ್ಟು ದಿನ ಆಸ್ಪತ್ರೆಯಲ್ಲೇ ಇರುವುದು ಕಷ್ಟ ಅಲ್ವಾ?

ತೋಳಿನಿಂದ ಒಳಹೋದ ಆ ತೆಳು ಕೊಳವೆಯ ತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿರುತ್ತದೆ. ಅದರೊಳಗೆ ಕೊಳಕು ಸೇರಿದರೆ ನೇರ ರಕ್ತಕ್ಕೇ ಹೋಗುತ್ತದೆ. ನನ್ನ ಪ್ರಕಾರ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ಇದೇ. ಸೋಪಿನಿಂದ ಕೈ ತೊಳೆಯಿರಿ. ಪ್ರತಿ ಸಲ ಸಿರಿಂಜ್ ಜೋಡಿಸುವ ಮೊದಲು ಕನೆಕ್ಟರ್ (ಕೊಳವೆಯ ಹೊರಗೆ ಸಿರಿಂಜ್ ಸಿಕ್ಕಿಸುವ ಭಾಗ) ತುದಿಯನ್ನು ಆಲ್ಕೋಹಾಲ್ ಸ್ವ್ಯಾಬ್‌ನಿಂದ 15 ಸೆಕೆಂಡಾದರೂ ಚೆನ್ನಾಗಿ ಉಜ್ಜಿ. ತಾನಾಗಿ ಒಣಗಲಿ, ಬಾಯಿಂದ ಊದಬೇಡಿ.

ಔಷಧಕ್ಕೆ ಮುಂಚೆಯೂ ಆಮೇಲೂ ಸಲೈನ್ ಫ್ಲಶ್ ಮಾಡಬೇಕು, ಅಂದರೆ ಸಿರಿಂಜಿನಿಂದ ಸಲೈನ್ ತಳ್ಳಿ ಕೊಳವೆಯನ್ನು ಒಳಗಿಂದ ತೊಳೆಯಬೇಕು. ಸಿರಿಂಜಿನ ಗಾಳಿ ತೆಗೆದಿರಬೇಕು. 10 ಎಂಎಲ್ ಸಿರಿಂಜನ್ನೇ ಬಳಸಿ. ಚಿಕ್ಕದರಲ್ಲಿ ಒತ್ತಡ ಜಾಸ್ತಿ, ಲೈನ್ ಒಡೆಯಬಹುದು. ಸ್ವಲ್ಪ ತಳ್ಳಿ, ನಿಲ್ಲಿಸಿ, ಮತ್ತೆ ತಳ್ಳಿ. ಹೋಗದಿದ್ದರೆ ಬಲವಂತ ಬೇಡ, ನರ್ಸ್‌ಗೆ ಫೋನ್ ಮಾಡಿ.

ಸ್ನಾನಕ್ಕೆ ಮುಂಚೆ ತೋಳಿಗೆ ಪ್ಲಾಸ್ಟಿಕ್ ಸುತ್ತಿಕೊಳ್ಳಿ. ಈಜು ಬೇಡವೇ ಬೇಡ. ಪಾರದರ್ಶಕ ಡ್ರೆಸ್ಸಿಂಗ್ ಸಾಮಾನ್ಯವಾಗಿ ವಾರಕ್ಕೊಮ್ಮೆ ಬದಲಾಗಬೇಕು. ನೆನೆದರೆ ಅಥವಾ ಕಿತ್ತುಬಂದರೆ ಅವತ್ತೇ. ಆ ಕೈಗೆ ಬಿಪಿ ಪಟ್ಟಿ ಕಟ್ಟಲು ಬಿಡಬೇಡಿ.

ಜ್ವರ ಬಂದರೆ, ಫ್ಲಶ್ ಆದಮೇಲೆ ನಡುಕ ಹತ್ತಿದರೆ, ತೋಳು ಊದಿಕೊಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಊತ ರಕ್ತ ಹೆಪ್ಪುಗಟ್ಟಿದ್ದರಿಂದಲೂ ಇರಬಹುದು. ಹೊರಗಿನ ಕೊಳವೆ ತುಂಡಾದರೆ, ತುಂಡಾದ ಜಾಗಕ್ಕೂ ತೋಳಿಗೂ ನಡುವೆ ಅದನ್ನು ಮಡಚಿ ಬಿಗಿಯಾಗಿ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.