ಮೊದಲ ಸಾಲೇ ಬೇಕಾ? ಬೇಡ ಅಂತೀನಿ

ಮೆಚ್ಚಿನ ಕಲಾವಿದರನ್ನು ಹತ್ತಿರದಿಂದ ನೋಡಲು ಮೊದಲ ಸಾಲಲ್ಲೇ ಕೂರಬೇಕಾ, ಸಂಗೀತ ಕಛೇರಿ ಮುಗಿದ ಮೇಲೆ ಮಾತಾಡಿಸಿದರೆ ಬೇಜಾರು ಮಾಡಿಕೊಳ್ತಾರಾ ಅಂತ ಕೇಳಿದ್ದೀರಿ. ನನ್ನ ಅನುಭವ ಹೇಳ್ತೀನಿ.

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಪೆಂಡಾಲಿನಲ್ಲಿ ನಾನು ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರನ್ನು ನೋಡಿದೆ. ಮೊದಲ ಸಾಲು ಸಿಗಲಿಲ್ಲ. ಪಕ್ಕದಲ್ಲಿ, ವೇದಿಕೆಯ ಅಂಚಿಗೆ ಒಂದು ಕುರ್ಚಿ ಸಿಕ್ಕಿತು. ಅದೇ ಒಳ್ಳೆಯದಾಯಿತು! ಎದುರಿಗಿದ್ದವರಿಗೆ ಮೈಕೇ ಅಡ್ಡ. ನನಗೆ ಅವರ ಬೆರಳುಗಳು ಚೆನ್ನಾಗಿ ಕಾಣುತ್ತಿದ್ದವು. ಬ್ಯಾಂಡಿನವರು ನಿಂತು ಊದುವ ವಾದ್ಯ ಅದು. ಇವರು ಚಕ್ಕಳಮಕ್ಕಳ ಹಾಕಿ ಕೂತು ಅದರಲ್ಲಿ ಸ್ವರಗಳನ್ನು ಓಲಾಡಿಸುವ ಗಮಕ ನುಡಿಸುತ್ತಿದ್ದರು. ಅದಕ್ಕಾಗಿ ಸ್ಯಾಕ್ಸೋಫೋನಿನ ಕೀಗಳನ್ನೇ ಮಾರ್ಪಡಿಸಿಕೊಂಡಿದ್ದರಂತೆ. ಕ್ಯಾಸೆಟ್ಟಿನಲ್ಲಿ ನೂರು ಸಲ ಕೇಳಿದ್ದೆ, ಆದರೆ ಉಸಿರು ಎಳೆದುಕೊಳ್ಳುವ ಸದ್ದು ಕೇಳಿಸಿದ್ದು ಅವತ್ತೇ. ಒಂದು ದೀರ್ಘ ಸ್ವರ ಮುಗಿದಾಗ ಹಣೆಯ ಬೆವರು ಒರೆಸಿಕೊಂಡರು. ಅಲ್ಲಿಯವರೆಗೆ ಅವರಿಗೂ ಆಯಾಸ ಆಗುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ, ನೋಡಿ.

ಮಂಗಳ ಆದ ಮೇಲೆ ಹತ್ತಿರ ಹೋದೆ. ಹೇಳಬೇಕು ಅಂದುಕೊಂಡಿದ್ದೆಲ್ಲ ಮರೆತುಹೋಯಿತು. ಸುಮ್ನೆ ಕೈ ಮುಗಿದೆ. ಅವರೂ ನಕ್ಕು ಕೈ ಮುಗಿದರು, ಅಷ್ಟೇ. 2019ರಲ್ಲಿ ಅವರು ಹೋದ ಸುದ್ದಿ ಬಂದಾಗ ಮೊದಲು ನೆನಪಾಗಿದ್ದು ಆ ನಗು.

ನೀವೂ ಧೈರ್ಯವಾಗಿ ಹೋಗಿ. ವಾದ್ಯ ಪೆಟ್ಟಿಗೆಗೆ ಹಾಕುವವರೆಗೆ ಮಾತ್ರ ತಡೆಯಿರಿ. ಸೆಲ್ಫಿಗೆ ಜಾಸ್ತಿ ಪೀಡಿಸಬೇಡಿ.