ಕೋಲಾರದ ಕಡೆಯ ಕನ್ನಡ ಇಟ್ಕೊಂಡು ನ್ಯೂಸ್ ಆಂಕರ್ ಆಗಬಹುದಾ?

"ನಮ್ಮದು ಶ್ರೀನಿವಾಸಪುರದ ಹತ್ತಿರ, ಮನೆಮಾತು ತೆಲುಗು. ಆಂಕರ್ ಆಗೋ ಆಸೆ ಇದೆ, ಆದರೆ ಬಾಯಿ ಬಿಟ್ಟರೆ ಕಾಲೇಜಲ್ಲಿ ಎಲ್ಲ ನಗ್ತಾರೆ" ಅಂತ ಬರೆದಿದ್ದೀರಿ. ನಾನು ಮುಳಬಾಗಿಲಿನವಳು. ಮನೇಲಿ ತೆಲುಗು, ಶಾಲೇಲಿ ಕನ್ನಡ, ಬಸ್ ಸ್ಟ್ಯಾಂಡಲ್ಲಿ ಎರಡೂ. ಬೆಂಗಳೂರಿನ ಒಂದು ಚಾನೆಲ್‌ನಲ್ಲಿ ವಾರ್ತೆ ಓದೋಕೆ ಶುರು ಮಾಡಿ ಹತ್ತು ವರ್ಷದ ಮೇಲಾಯ್ತು.

ಮೊದಲ ಆಡಿಷನ್‌ನಲ್ಲಿ ಪ್ರಾಂಪ್ಟರ್ ಮೇಲೆ, ಅಂದರೆ ಓದಬೇಕಾದ ಸಾಲುಗಳು ಓಡೋ ಕ್ಯಾಮೆರಾ ಮುಂದಿನ ಪರದೆ ಮೇಲೆ, ಬಂದ ಸಾಲು "ಹಣಕ್ಕಾಗಿ ಅತ್ತೆಯ ಹತ್ಯೆ". ನನ್ನ ಬಾಯಲ್ಲಿ ಬಂದಿದ್ದು "ಅಣಕ್ಕಾಗಿ ಅತ್ತೆಯ ಅತ್ಯೆ". ಒಳಗೆ ಪಿಸಿಆರ್‌ನಲ್ಲಿ (ಕಾರ್ಯಕ್ರಮ ನಡೆಸೋ ಕಂಟ್ರೋಲ್ ರೂಮ್) ಇದ್ದವರು ಆಂಕರ್ ಕಿವಿಗೆ ಮಾತು ಕಳಿಸೋ ಟಾಕ್‌ಬ್ಯಾಕ್ ಆಫ್ ಮಾಡೋದನ್ನೂ ಮರೆತು ನಕ್ಕರು. ಇಯರ್‌ಪೀಸ್ ಇದ್ದಿದ್ದು ನನ್ನ ಕಿವಿಯಲ್ಲೇ. ಅದಕ್ಕಿಂತ ದೊಡ್ಡ ಪಜೀತಿ ಆಮೇಲಿನದು: ಹೆದರಿಕೆಗೆ ಎಲ್ಲಕ್ಕೂ ಹಕಾರ ಹಚ್ಚೋಕೆ ಶುರು ಮಾಡಿದೆ. ಹಧಿಕಾರಿಗಳು, ಹಪಘಾತ.

ಹಕಾರ ನುಂಗೋದು ನಮ್ಮೊಬ್ಬರ ರೋಗ ಅಲ್ಲ, ಮಂಡ್ಯ, ತುಮಕೂರಿನ ಹಳ್ಳಿಗಳಲ್ಲೂ ಇದೆ. ಸರಿಮಾಡ್ಕೊಳ್ಳೋದು ಕಷ್ಟವೂ ಅಲ್ಲ. ಅಂಗೈಯನ್ನ ಬಾಯಿ ಮುಂದೆ ಹಿಡಿದು ಪತ್ರಿಕೆಯ ಮುಖಪುಟ ಗಟ್ಟಿಯಾಗಿ ಓದಿ. ಹ, ಖ, ಭ ಬಂದಾಗ ಉಸಿರು ಅಂಗೈಗೆ ತಾಗಬೇಕು. ಮೊಬೈಲಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ. ಅವತ್ತೇ ಕೇಳಿದರೆ ತಪ್ಪು ಕಿವಿಗೆ ಬೀಳಲ್ಲ. ನನಗೆ ಮೂರು ತಿಂಗಳು ಹಿಡೀತು. ಹಲ್ಲಿನ ಮಧ್ಯೆ ಪೆನ್ಸಿಲ್ ಕಚ್ಚಿ ಓದು ಅಂತಾರಲ್ಲ, ನನಗೆ ಅದರಿಂದ ದವಡೆ ನೋವು ಬಂದಿದ್ದು ಬಿಟ್ಟರೆ ಬೇರೇನೂ ಬರಲಿಲ್ಲ.

ಮಾತಿನ ರಾಗ ಬೇರೆ ವಿಷಯ. ವಾಕ್ಯದ ಕೊನೇಲಿ ಸ್ವರ ಎಳೀತೀವಲ್ಲ, "ಬಂದ್ರಾ..." ಅಂತ, ಅದನ್ನ ಪೂರ್ತಿ ಒರೆಸಿಹಾಕಬೇಡಿ. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದ ಮೇಲೆ ಬಹಳ ಕಾಲ ವಾರ್ತೆ ಅಂದರೆ ಬರೆದಿದ್ದನ್ನ ಓದೋದು. ದೂರದರ್ಶನದಲ್ಲಿದ್ದ ಅಪರ್ಣಾ ಅವರ ಧ್ವನಿಯನ್ನ ಮೆಟ್ರೊದಲ್ಲಿ ಕೇಳಿರ್ತೀರಿ. ಆ ಹದದ ಕನ್ನಡಕ್ಕೆ ನಾನು ಈಗಲೂ ಕೈ ಮುಗೀತೀನಿ. 2006ರ ಕೊನೆಗೆ ಟಿವಿ9 ಬಂತು, ಆಮೇಲೆ ಇಪ್ಪತ್ನಾಲ್ಕು ಗಂಟೆಯ ಚಾನೆಲ್‌ಗಳು ಸಾಲುಗಟ್ಟಿದವು. ಬ್ರೇಕಿಂಗ್ ಬಂದರೆ ಪ್ರಾಂಪ್ಟರ್ ಖಾಲಿ, ಗಂಟೆಗಟ್ಟಲೆ ಬಾಯಿಗೆ ಬಂದ ಕನ್ನಡದಲ್ಲೇ ನಡೆಸಬೇಕು. ಪಬ್ಲಿಕ್ ಟಿವಿಯ ರಂಗನಾಥ್ ರಾತ್ರಿ ಒಂಬತ್ತಕ್ಕೆ ಜಗಲಿ ಮೇಲೆ ಕೂತವರ ಹಾಗೆ ಮಾತಾಡ್ತಾರೆ, ಓದಲ್ಲ. ಆದರೆ ಅವರು ನಿಲ್ಲಿಸೋ ಜಾಗದಲ್ಲೇ ನಿಲ್ಲಿಸಿ ಆಡಿಷನ್ ಕೊಡೋಕೆ ಹೋಗಬೇಡಿ. ಅಂಥವರು ವಾರಕ್ಕೊಬ್ಬರು ಬರ್ತಾರೆ.

2023ರ ಜುಲೈನಲ್ಲಿ ಟೊಮ್ಯಾಟೊ ಬೆಲೆ ಏರಿತ್ತಲ್ಲ, ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿದಾಗ. ನಮ್ಮ ರಿಪೋರ್ಟರ್ ಮಂಡಿಯಿಂದ ಲೈವ್ ಇದ್ದ, ಮೈಕ್ ಹಿಡಿದ ರೈತರು ಬರೀ ತೆಲುಗಲ್ಲಿ ಮಾತಾಡಿದರು. ಕಿವಿಯಲ್ಲಿ "ಕಟ್ ಮಾಡಿ, ಕಟ್ ಮಾಡಿ". ನಾನು ಕಟ್ ಮಾಡಲಿಲ್ಲ. ಅವರನ್ನ ತೆಲುಗಲ್ಲಿ ಕೇಳಿದೆ, ಪಕ್ಕದಲ್ಲೇ ಕನ್ನಡದಲ್ಲಿ ಹೇಳ್ತಾ ಹೋದೆ. ಸ್ಟುಡಿಯೋ ಕನ್ನಡ ಎಲ್ಲಿ ಹೋಯ್ತೋ, "ಏನಣ್ಣಾ, ಖರ್ಚು ಕಳೆದು ಕೈಗೆಷ್ಟು ಬಿತ್ತು?" ಅಂತ ಊರಿನ ರಾಗ ಬಂದೇ ಬಿಡ್ತು. ಹನ್ನೊಂದು ನಿಮಿಷ ಓಡಿತು ಆ ಲೈವ್.

ಅದರ ಬೆಲೆಯನ್ನೂ ಹೇಳಿಬಿಡ್ತೀನಿ. ಅಲ್ಲಿಂದೀಚೆಗೆ ಟೊಮ್ಯಾಟೊ, ಮಾವು, ಬಂಗಾರಪೇಟೆ ಕಡೆ ಆನೆ ಎಲ್ಲ ನನ್ನ ಪಾಲಿಗೆ. ಬಜೆಟ್ ಚರ್ಚೆ ಮಾತ್ರ ಇನ್ನೂ ಬೇರೆಯವರಿಗೇ. ಈ ಜಗಳ ನಡೀತಾನೇ ಇದೆ.

ಆಡಿಷನ್‌ಗೆ ಹೋದಾಗ ಒಂದು ನೆನಪಿಟ್ಕೊಳ್ಳಿ: ಪ್ರಾಂಪ್ಟರ್ ಓಡಿಸೋರು ನಿಮ್ಮ ವೇಗಕ್ಕೆ ಓಡಿಸಬೇಕು, ನೀವು ಅದರ ಹಿಂದೆ ಓಡಬಾರದು. "ಅಣ್ಣಾ, ಸ್ವಲ್ಪ ನಿಧಾನ" ಅಂದರೆ ಯಾರೂ ಬೈಯಲ್ಲ. ನನಗೆ ಇದು ತಿಳಿದಿದ್ದು ಕೆಲಸ ಸಿಕ್ಕಿ ಆರು ತಿಂಗಳಾದ ಮೇಲೆ.