ಸಣ್ಣ ವ್ಯವಹಾರದ ಅಪ್ಲಿಕೇಶನ್‌ಗೆ ಯಾವ ಡೇಟಾಬೇಸ್ ಸರಿ?

ಪ್ರಶ್ನೆ: ಒಂದು ಚಿಕ್ಕ ಸಂಸ್ಥೆಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಅಪ್ಲಿಕೇಶನ್ ಬರೆದುಕೊಟ್ಟಿದ್ದೇನೆ. ಡೇಟಾ ಪೂರ್ತಿ ಒಂದೇ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲಿನಲ್ಲಿದೆ, ಫೈಲು ಶೇರ್ಡ್ ಫೋಲ್ಡರಿನಲ್ಲಿದೆ. ಐದಾರು ಜನ ತಮ್ಮ ತಮ್ಮ ಕಂಪ್ಯೂಟರಿನಿಂದ ಒಟ್ಟಿಗೆ ಬಳಸುತ್ತಾರೆ. ಆಗಾಗ ಫೈಲು ಕರಪ್ಟ್ ಆಗುತ್ತದೆ. ಇನ್ನೂ 300 ಎಂಬಿ ಕೂಡ ಆಗಿಲ್ಲ. ಎಸ್‌ಕ್ಯೂಲೈಟ್‌ಗೆ ಹೋಗು ಅಂತ ಒಬ್ಬರು, ಮೈಎಸ್‌ಕ್ಯೂಎಲ್ ಅಂತ ಇನ್ನೊಬ್ಬರು, ಪೋಸ್ಟ್‌ಗ್ರೆಸ್ ಅಂತ ಮತ್ತೊಬ್ಬರು ಹೇಳುತ್ತಾರೆ. ಏನು ಮಾಡಲಿ ಸರ್?

ಉತ್ತರ: ಗಾತ್ರದ ಚಿಂತೆ ಬಿಡಿ. ಆಕ್ಸೆಸ್ ಫೈಲಿನ ಮಿತಿ 2 ಜಿಬಿ, ನೀವು ಅದರ ಹತ್ತಿರಕ್ಕೂ ಬಂದಿಲ್ಲ. ಡೇಟಾಬೇಸ್ ಆರಿಸುವಾಗ ಎಲ್ಲರೂ ಮೊದಲು ಕೇಳುವುದು "ಎಷ್ಟು ಡೇಟಾ?" ಅಂತ. ಸಣ್ಣ ವ್ಯವಹಾರದಲ್ಲಿ ಆ ಪ್ರಶ್ನೆಯಿಂದ ಏನೂ ತೀರ್ಮಾನವಾಗುವುದಿಲ್ಲ. ಒಂದೇ ಸಮಯಕ್ಕೆ ಎಷ್ಟು ಜನ ಬರೆಯುತ್ತಾರೆ, ಎಷ್ಟು ಕಂಪ್ಯೂಟರುಗಳಿಂದ ಬರೆಯುತ್ತಾರೆ ಅಂತ ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಈಗ ನಿಮ್ಮಲ್ಲಿ ಆಗುತ್ತಿರುವುದು ಇಷ್ಟು. ಆಕ್ಸೆಸ್‌ನಲ್ಲಿ ಸರ್ವರ್ ಅನ್ನುವುದೇ ಇಲ್ಲ. ಡೇಟಾ ಓದಿ ಬರೆಯುವ ಡೇಟಾಬೇಸ್ ಎಂಜಿನ್ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಓಡುತ್ತದೆ. ಆ ಎಂಜಿನ್‌ಗಳೆಲ್ಲ ನೆಟ್‌ವರ್ಕ್ ಮೂಲಕ ಒಂದೇ ಫೈಲಿಗೆ ಕೈ ಹಾಕುತ್ತವೆ. ಬರೆಯುತ್ತಿರುವಾಗ ಯಾರದೋ ವೈಫೈ ಕಡಿದರೆ, ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋದರೆ, ಅರ್ಧ ಬರೆದ ತುಂಡು ಫೈಲಿನಲ್ಲೇ ಉಳಿಯಬಹುದು. ಒಬ್ಬರ ಕನೆಕ್ಷನ್ ಹೋದದ್ದಕ್ಕೆ ಎಲ್ಲರ ಡೇಟಾ ಕೆಡುತ್ತದೆ.

ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಥರ ಸರ್ವರ್ ಇರುವ ಡೇಟಾಬೇಸಿನಲ್ಲಿ ಫೈಲು ಮುಟ್ಟುವುದು ಸರ್ವರ್ ಮಾತ್ರ. ಉಳಿದವರು ಕ್ವೆರಿ (ಡೇಟಾ ಕೇಳುವ, ಬದಲಿಸುವ ಆದೇಶ) ಕಳಿಸುತ್ತಾರೆ, ಉತ್ತರ ಪಡೆಯುತ್ತಾರೆ. ಮಧ್ಯದಲ್ಲಿ ಕನೆಕ್ಷನ್ ಹೋದರೆ ಮುಗಿಯದ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕೆಲಸಗಳ ಗುಂಪು) ರದ್ದಾಗುತ್ತದೆ. ಬಿಲ್ಲು ಮತ್ತು ಅದರ ಐಟಂಗಳನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿಸಿದ್ದರೆ, ಬಿಲ್ಲು ಇದೆ ಆದರೆ ಐಟಂಗಳಿಲ್ಲ ಅನ್ನುವ ಸ್ಥಿತಿ ಬರುವುದೇ ಇಲ್ಲ.

ಹಾಗಾಗಿ ಎಸ್‌ಕ್ಯೂಲೈಟ್ ಸಲಹೆ ನಿಮ್ಮ ಜಾಗಕ್ಕೆ ಹೊಂದುವುದಿಲ್ಲ. ಅದು ತುಂಬ ಒಳ್ಳೆಯ ಎಂಜಿನ್, ಆದರೆ ಅದೂ ಫೈಲೇ. ಶೇರ್ಡ್ ಫೋಲ್ಡರಿನಲ್ಲಿಟ್ಟು ಹಲವು ಕಂಪ್ಯೂಟರುಗಳಿಂದ ಬರೆಯಬೇಡಿ ಅಂತ ಅದನ್ನು ಬರೆದವರೇ ಎಚ್ಚರಿಸುತ್ತಾರೆ. ನೆಟ್‌ವರ್ಕ್ ಫೋಲ್ಡರುಗಳಲ್ಲಿ ಫೈಲ್ ಲಾಕ್ ನಂಬುವಂತಿಲ್ಲ. ಅದರ ವಾಲ್ ಮೋಡ್ (ಬದಲಾವಣೆಗಳನ್ನು ಮೊದಲು ಪಕ್ಕದ ಇನ್ನೊಂದು ಫೈಲಿಗೆ ಬರೆಯುವ ರೀತಿ) ಅಂತೂ ಎಲ್ಲ ಪ್ರೋಗ್ರಾಂಗಳೂ ಒಂದೇ ಕಂಪ್ಯೂಟರಿನಲ್ಲಿದ್ದರೆ ಮಾತ್ರ ಕೆಲಸ ಮಾಡುತ್ತದೆ.

ನನ್ನ ಉತ್ತರ ಪೋಸ್ಟ್‌ಗ್ರೆಸ್. ಐದಾರು ಜನರ ಬಿಲ್ಲಿಂಗ್‌ಗೆ ದೊಡ್ಡ ಯಂತ್ರ ಬೇಡ, ಸದಾ ಆನ್ ಆಗಿರುವ ಒಂದು ಸಾಮಾನ್ಯ ಕಂಪ್ಯೂಟರ್ ಸಾಕು. ಅದರ ಮಾಮೂಲಿ ಮಿತಿಯೇ 100 ಕನೆಕ್ಷನ್‌ಗಳು. ಲೈಸೆನ್ಸಿನ ತಾಪತ್ರಯ ಇಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸುವುದು ಅದರ ಕಟ್ಟುನಿಟ್ಟು. ದಿನಾಂಕದ ಕಾಲಮ್ಮಿಗೆ ಇಲ್ಲದ ದಿನಾಂಕ ಹಾಕಿದರೆ ಅದು ಸೇರಿಸಿಕೊಳ್ಳುವುದಿಲ್ಲ. ಟೇಬಲ್‌ಗಳ ರಚನೆ ಬದಲಿಸುವುದನ್ನೂ ಟ್ರಾನ್ಸಾಕ್ಷನ್ ಒಳಗೆ ಮಾಡಬಹುದು. ಅಪ್‌ಡೇಟ್ ಹಾಕುವಾಗ ನಾಲ್ಕನೇ ಹೆಜ್ಜೆ ಎಡವಿದರೆ ಮೊದಲ ಮೂರೂ ತಾವಾಗಿಯೇ ಹಿಂದಕ್ಕೆ ಹೋಗುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಅಂಥ ಪ್ರತಿ ಬದಲಾವಣೆ ಆಗಿಂದಾಗ್ಗೆ ಕಮಿಟ್ ಆಗಿ, ಅಂದರೆ ಕಾಯಂ ಆಗಿಬಿಡುತ್ತದೆ. ಗ್ರಾಹಕರ ಕಂಪ್ಯೂಟರಿನ ಮುಂದೆ ಕುಳಿತು ಅಪ್‌ಡೇಟ್ ಮಾಡುವವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಿರುತ್ತದೆ.

ಅಪ್ಲಿಕೇಶನ್ ಪೂರ್ತಿ ಹೊಸದಾಗಿ ಬರೆಯಬೇಕಿಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಫಾರಂಗಳು, ರಿಪೋರ್ಟುಗಳು ಆಕ್ಸೆಸ್‌ನಲ್ಲೇ ಇರಲಿ. ಟೇಬಲ್‌ಗಳನ್ನು ಮಾತ್ರ ಪೋಸ್ಟ್‌ಗ್ರೆಸ್‌ಗೆ ಸಾಗಿಸಿ, ಓಡಿಬಿಸಿ (ಪ್ರೋಗ್ರಾಂಗಳನ್ನು ಡೇಟಾಬೇಸಿಗೆ ಜೋಡಿಸುವ ಸೇತುವೆ) ಮೂಲಕ ಲಿಂಕ್ ಮಾಡಿ. ಸಾಗಿಸುವ ಮೊದಲು ಟೇಬಲ್, ಕಾಲಮ್ ಹೆಸರುಗಳಲ್ಲಿರುವ ಖಾಲಿ ಜಾಗ ತೆಗೆದುಹಾಕಿ, ಇಂಗ್ಲಿಷಿನ ದೊಡ್ಡಕ್ಷರಗಳನ್ನು ಸಣ್ಣಕ್ಷರ ಮಾಡಿ. ಇಲ್ಲದಿದ್ದರೆ ಪ್ರತಿ ಕ್ವೆರಿಯಲ್ಲೂ ಉದ್ಧರಣ ಚಿಹ್ನೆ ಹಾಕುತ್ತಾ ಕೂರಬೇಕು. ಪ್ರತಿ ಟೇಬಲಿಗೂ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಮ್) ಇರಲಿ. ಅದಿಲ್ಲದ ಟೇಬಲ್ ಲಿಂಕ್ ಆದರೂ ಓದಲು ಮಾತ್ರ ಸಿಗುತ್ತದೆ, ಬರೆಯಲು ಬಿಡುವುದಿಲ್ಲ. ಇನ್ನೊಂದು ಮಾತು. ಇಡೀ ಟೇಬಲ್ ತೆರೆದು ಆಮೇಲೆ ಹುಡುಕುವ ಫಾರಂಗಳಿದ್ದರೆ ಅವು ನಿಧಾನವಾಗುತ್ತವೆ. ಮೊದಲು ಗ್ರಾಹಕರ ಹೆಸರೋ ಬಿಲ್ ನಂಬರೋ ಕೇಳಿ, ಬೇಕಾದ ಸಾಲುಗಳನ್ನಷ್ಟೇ ತರಿಸುವ ಹಾಗೆ ಮಾಡಿ.

ಆಫೀಸಿನಲ್ಲಿ ಎಲ್ಲವೂ ವಿಂಡೋಸ್ ಆಗಿದ್ದು, ನಿಮಗೂ ಅದೇ ರೂಢಿಯಾಗಿದ್ದರೆ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಹಾಕಿಕೊಳ್ಳಿ, ತಪ್ಪೇನಿಲ್ಲ. 2022ರ ಆವೃತ್ತಿಯವರೆಗೂ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ ಇದೆ, ನಿಮಗೆ ಅದು ಸಾಕು. ನಿಗದಿತ ಸಮಯಕ್ಕೆ ಕೆಲಸ ನಡೆಸುವ ಏಜೆಂಟ್ ಅದರಲ್ಲಿ ಇರುವುದಿಲ್ಲ. ಹಾಗಾಗಿ ಬ್ಯಾಕಪ್ಪನ್ನು ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ನಿಂದ ನಡೆಸಬೇಕು. ಇನ್ನು ಮೈಎಸ್‌ಕ್ಯೂಎಲ್ ಅಥವಾ ಅದರಿಂದ ಕವಲೊಡೆದ ಮರಿಯಾಡಿಬಿ ಈಗಾಗಲೇ ಚೆನ್ನಾಗಿ ಗೊತ್ತಿದ್ದರೆ ಅದೂ ನಡೆಯುತ್ತದೆ. ಟೇಬಲ್‌ಗಳು ಅವುಗಳ ಒಳಗಿನ ಇನ್ನೋಡಿಬಿ ಎಂಜಿನ್‌ನಲ್ಲಿವೆಯೇ ಅಂತ ನೋಡಿಕೊಳ್ಳಿ. ಹಳೆಯ ಮೈಐಸ್ಯಾಮ್‌ನಲ್ಲಿ ಟ್ರಾನ್ಸಾಕ್ಷನ್ ಇಲ್ಲ.

ಪ್ರಶ್ನೆ: ನನ್ನದು ಒಂದೇ ಕಂಪ್ಯೂಟರಿನಲ್ಲಿ ಓಡುವ ಬಿಲ್ಲಿಂಗ್ ಪ್ರೋಗ್ರಾಂ. ಎಸ್‌ಕ್ಯೂಲೈಟ್ ಬಳಸಿದ್ದೇನೆ. ಅದು ಮೊಬೈಲ್ ಆ್ಯಪ್‌ಗಳಿಗಷ್ಟೇ ಲಾಯಕ್ಕು, ವ್ಯವಹಾರಕ್ಕೆ ಆಗುವುದಿಲ್ಲ ಅಂತಾರೆ. ನಿಜವೇ?

ಉತ್ತರ: ನಿಜವಲ್ಲ. ಒಂದೇ ಕಂಪ್ಯೂಟರ್ ಆದರೆ ಅದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ರಿಚರ್ಡ್ ಹಿಪ್ 2000ರಲ್ಲಿ ಶುರು ಮಾಡಿದ ಈ ಎಂಜಿನ್ ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಐಫೋನಿನಲ್ಲೂ ಇದೆ. ಇನ್‌ಸ್ಟಾಲ್ ಮಾಡಬೇಕಿಲ್ಲ, ಪಾಸ್‌ವರ್ಡ್ ಮರೆಯುವ ಭಯವಿಲ್ಲ, ಸರ್ವರ್ ನಿಂತುಹೋಯಿತು ಅಂತ ಫೋನ್ ಬರುವುದಿಲ್ಲ.

ಆದರೆ ಬಿಟ್ಟ ಹಾಗೇ ಬಳಸಬೇಡಿ. ಫಾರಿನ್ ಕೀ ಪರೀಕ್ಷೆ (ಬಿಲ್ಲಿನಲ್ಲಿರುವ ಗ್ರಾಹಕರು ಗ್ರಾಹಕರ ಟೇಬಲಿನಲ್ಲೂ ಇದ್ದಾರೆಯೇ ಅನ್ನುವಂಥ ತಪಾಸಣೆ) ಸಾಮಾನ್ಯವಾಗಿ ಆಫ್ ಆಗಿರುತ್ತದೆ, ಪ್ರತಿ ಕನೆಕ್ಷನ್ ತೆರೆದಾಗಲೂ ನೀವೇ ಆನ್ ಮಾಡಬೇಕು. ಇಲ್ಲದಿದ್ದರೆ ಗ್ರಾಹಕರನ್ನು ಅಳಿಸಿದ ಮೇಲೂ ಅವರ ಬಿಲ್ಲುಗಳು ಹಾಗೇ ಬಿದ್ದಿರುತ್ತವೆ. ಸಂಖ್ಯೆಯ ಕಾಲಮ್ಮಿನಲ್ಲಿ ಅಕ್ಷರ ಹಾಕಿದರೂ ಅದು ಸುಮ್ನೆ ಇಟ್ಟುಕೊಳ್ಳುತ್ತದೆ. 2021ರಲ್ಲಿ ಬಂದ 3.37 ಆವೃತ್ತಿಯಿಂದ ಟೇಬಲ್‌ಗಳನ್ನು ಸ್ಟ್ರಿಕ್ಟ್ ಅಂತ ಮಾಡಬಹುದು, ಮಾಡಿ. ರಿಪೋರ್ಟ್ ತೆಗೆಯುವಾಗ ಬಿಲ್ ಸೇರಿಸುವುದು ತಡೆಯುತ್ತಿದ್ದರೆ ವಾಲ್ ಮೋಡ್ ಹಾಕಿ. ಆಗ ಒಬ್ಬರು ಬರೆಯುತ್ತಿದ್ದರೂ ಉಳಿದವರು ಓದಬಹುದು. ಬರೆಯುವವರು ಒಂದು ಸಲಕ್ಕೆ ಒಬ್ಬರೇ, ಅದು ಬದಲಾಗುವುದಿಲ್ಲ. ಲಾಕ್ ಸಿಗದಿದ್ದಾಗ ಕೆಲವು ಸೆಕೆಂಡು ಕಾಯುವಂತೆ ಬ್ಯುಸಿ ಟೈಮ್‌ಔಟ್ (busy_timeout) ಕೊಡಿ.

ಹಣದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಎಸ್‌ಕ್ಯೂಲೈಟ್‌ನಲ್ಲಿ ನಿಜವಾದ ದಶಮಾಂಶದ ಟೈಪ್ ಇಲ್ಲ. ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಬರುವುದು 0.30000000000000004. ಒಂದು ಬಿಲ್ಲಿನಲ್ಲಿ ಅದು ಕಾಣುವುದಿಲ್ಲ, ವರ್ಷದ ಲೆಕ್ಕ ಕೂಡಿಸುವಾಗ ಕಾಣುತ್ತದೆ. ಮೊತ್ತವನ್ನು ಅತಿ ಸಣ್ಣ ನಾಣ್ಯಕ್ಕೆ ಇಳಿಸಿ ಪೂರ್ಣಾಂಕವಾಗಿ ಇಡಿ, ತೋರಿಸುವಾಗ ಭಾಗಿಸಿ. ಪೋಸ್ಟ್‌ಗ್ರೆಸ್‌ನಲ್ಲಾದರೆ ದಶಮಾಂಶವನ್ನು ನಿಖರವಾಗಿ ಇಡುವ ನ್ಯೂಮೆರಿಕ್ ಟೈಪ್ ಇದೆ.

ಪ್ರಶ್ನೆ: ಗ್ರಾಹಕರು ದಿನಕ್ಕೊಂದು ಹೊಸ ಕಾಲಮ್ ಕೇಳುತ್ತಾರೆ. ಟೇಬಲ್ ರಚನೆಯ ಕಟ್ಟುಪಾಡಿಲ್ಲದ ಮಾಂಗೋಡಿಬಿ ಆದರೆ ಸುಲಭ ಅಲ್ವಾ?

ಉತ್ತರ: ಬಿಲ್ಲು, ಗ್ರಾಹಕ, ಸ್ಟಾಕ್, ಪಾವತಿ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡ ವಿಷಯಗಳು. ಅದಕ್ಕೆ ಟೇಬಲ್‌ಗಳೇ ಸರಿ. ನಿಜಕ್ಕೂ ದಿನಾ ಬದಲಾಗುವ ಭಾಗವನ್ನು ಪೋಸ್ಟ್‌ಗ್ರೆಸ್‌ನ ಜೇಸನ್‌ಬಿ (ಬೇಕಾದ ಹೆಸರು-ಮೌಲ್ಯಗಳನ್ನು ತುಂಬಬಹುದಾದ) ಕಾಲಮ್ಮಿನಲ್ಲಿ ಇಡಿ. 2014ರ 9.4 ಆವೃತ್ತಿಯಿಂದ ಅದು ಇದೆ, ಬೇಗ ಹುಡುಕಲು ಇಂಡೆಕ್ಸ್ ಕೂಡ ಹಾಕಬಹುದು.

ಪ್ರಶ್ನೆ: ಮುಂದೆ ಯಾವ ಡೇಟಾಬೇಸಿಗೆ ಬೇಕಾದರೂ ಬದಲಾಯಿಸುವ ಹಾಗೆ ಕೋಡ್ ಬರೆಯುವುದು ಒಳ್ಳೆಯದಲ್ಲವೇ? ಈಗ ಎಸ್‌ಕ್ಯೂಲೈಟ್, ಜನ ಜಾಸ್ತಿ ಆದಾಗ ಪೋಸ್ಟ್‌ಗ್ರೆಸ್ ಅಂದುಕೊಂಡಿದ್ದೇನೆ.

ಉತ್ತರ: ಕ್ವೆರಿಗಳನ್ನು ಒಂದೇ ಜಾಗದಲ್ಲಿ ಇಟ್ಟುಕೊಳ್ಳಿ, ಅಷ್ಟು ಸಾಕು. ಎಲ್ಲದಕ್ಕೂ ಹೊಂದುವ ಕೋಡ್ ಬರೆಯಲು ಹೋದರೆ ಯಾವ ಡೇಟಾಬೇಸಿನ ಒಳ್ಳೆಯ ಗುಣವೂ ನಿಮಗೆ ಸಿಗುವುದಿಲ್ಲ. ವರ್ಷದೊಳಗೆ ಎರಡನೇ ಕಂಪ್ಯೂಟರ್ ಬರುವುದು ಖಚಿತವಾಗಿದ್ದರೆ ಇವತ್ತೇ ಪೋಸ್ಟ್‌ಗ್ರೆಸ್‌ನಲ್ಲಿ ಶುರು ಮಾಡಿ.

ಯಾಕಂದ್ರೆ ಬದಲಾಗುವುದು ಕ್ವೆರಿಯ ವ್ಯಾಕರಣ ಮಾತ್ರ ಅಲ್ಲ. ಸ್ಟಾಕಿನಲ್ಲಿ ಒಂದೇ ಪೀಸ್ ಉಳಿದಿದೆ ಅಂದುಕೊಳ್ಳಿ. ಪ್ರೋಗ್ರಾಂ ಮೊದಲು ಎಷ್ಟಿದೆ ಅಂತ ಓದುತ್ತದೆ, ಒಂದು ಕಳೆಯುತ್ತದೆ, ಹೊಸ ಸಂಖ್ಯೆ ಬರೆಯುತ್ತದೆ. ಒಬ್ಬರೇ ಬಳಸುವಾಗ ಇದರಲ್ಲಿ ತಪ್ಪು ಕಾಣುವುದೇ ಇಲ್ಲ. ಇಬ್ಬರು ಒಂದೇ ಕ್ಷಣದಲ್ಲಿ ಓದಿದರೆ ಇಬ್ಬರಿಗೂ ಒಂದು ಅಂತ ಕಾಣುತ್ತದೆ, ಇಬ್ಬರೂ ಸೊನ್ನೆ ಬರೆಯುತ್ತಾರೆ. ಇರುವುದು ಒಂದು, ಮಾರಿದ್ದು ಎರಡು. ಪೋಸ್ಟ್‌ಗ್ರೆಸ್ ಹಾಕಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ, ಅದರ ಮಾಮೂಲಿ ಐಸೊಲೇಶನ್ (ಒಟ್ಟಿಗೆ ನಡೆಯುವ ಟ್ರಾನ್ಸಾಕ್ಷನ್‌ಗಳನ್ನು ಬೇರೆಬೇರೆ ಇಡುವ) ಮಟ್ಟದಲ್ಲಿ ಹೀಗಾಗಲು ಅವಕಾಶ ಇದೆ. ಓದುವುದು, ಬರೆಯುವುದು ಎರಡನ್ನೂ ಒಂದೇ ಅಪ್‌ಡೇಟ್‌ಗೆ ಸೇರಿಸಿ: ಒಂದಾದರೂ ಉಳಿದಿದ್ದರೆ ಮಾತ್ರ ಒಂದು ಕಳೆ. ಎಷ್ಟು ಸಾಲು ಬದಲಾಯಿತು ಅಂತ ನೋಡಿ. ಸೊನ್ನೆ ಬಂದರೆ ಸ್ಟಾಕ್ ಮುಗಿದಿದೆ ಅಂತ ಹೇಳಿ. ಜೊತೆಗೆ ಸ್ಟಾಕ್ ಸೊನ್ನೆಗಿಂತ ಕೆಳಗೆ ಹೋಗಬಾರದು ಅನ್ನುವ ಚೆಕ್ ನಿಯಮವನ್ನು ಟೇಬಲಿನಲ್ಲೇ ಬರೆಯಿರಿ. ನಾಳೆ ಬೇರೆ ಯಾರೋ ಬರೆದ ಪ್ರೋಗ್ರಾಂ ಇದೇ ಟೇಬಲ್ ಮುಟ್ಟಿದರೂ ಆ ನಿಯಮ ಕಾಯುತ್ತದೆ.

ಪ್ರಶ್ನೆ: ದಿನಾ ರಾತ್ರಿ ಪೋಸ್ಟ್‌ಗ್ರೆಸ್‌ನ ಡೇಟಾ ಫೋಲ್ಡರ್ ಕಾಪಿ ಮಾಡಿಡುತ್ತೇನೆ. ಸಾಕಲ್ಲವೇ?

ಉತ್ತರ: ಸಾಲದು. ಸರ್ವರ್ ಓಡುತ್ತಿರುವಾಗ ಹಾಗೆ ಮಾಡಿದ ಕಾಪಿಯನ್ನು ಬ್ಯಾಕಪ್ ಅಂತ ನಂಬಬೇಡಿ, ಬೇಕಾದ ದಿನ ಅದು ತೆರೆಯದೇ ಇರಬಹುದು. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ ಡಂಪ್ (pg_dump) ಬಳಸಿ. ಜನ ಕೆಲಸ ಮಾಡುತ್ತಿದ್ದರೂ ಅದು ಒಂದು ಕ್ಷಣದ ಸರಿಯಾದ ಚಿತ್ರ ತೆಗೆದುಕೊಡುತ್ತದೆ. ಬಳಕೆದಾರರ ಖಾತೆಗಳು ಅದರಲ್ಲಿ ಬರುವುದಿಲ್ಲ, ಅವನ್ನು ಪಿಜಿ ಡಂಪ್ ಆಲ್‌ನಿಂದ ಬೇರೆ ತೆಗೆದಿಡಿ. ಎಸ್‌ಕ್ಯೂಲೈಟ್ ಬಳಸುವವರಿಗೂ ಇದೇ ಮಾತು. ವಾಲ್ ಮೋಡಿನಲ್ಲಿ ಮುಖ್ಯ ಫೈಲು ಮಾತ್ರ ಕಾಪಿ ಮಾಡಿದರೆ ಇತ್ತೀಚಿನ ಬಿಲ್ಲುಗಳು ಪಕ್ಕದ ವಾಲ್ ಫೈಲಿನಲ್ಲೇ ಉಳಿದುಬಿಡಬಹುದು. ಅದರದೇ ಬ್ಯಾಕಪ್ ಕಮಾಂಡ್ ಅಥವಾ ವ್ಯಾಕ್ಯೂಮ್ ಇನ್‌ಟು ಬಳಸಿ.

ಕಾಪಿ ಬೇರೆ ಯಂತ್ರಕ್ಕೆ ಹೋಗಲಿ. ತಿಂಗಳಿಗೊಮ್ಮೆ ಅದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಹಿಂದಿನ ದಿನದ ಬಿಲ್ಲುಗಳ ಸಂಖ್ಯೆ ಮತ್ತು ಒಟ್ಟು ಮೊತ್ತ ಮೂಲದ ಜೊತೆ ತಾಳೆಯಾಗುತ್ತದೆಯೇ ನೋಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟು ಮಾಲೀಕರಿಗೂ ತಿಳಿಸಿ. ಅಷ್ಟು ಹೊತ್ತು ಬಿಲ್ ಮಾಡದೆ ಇರಲು ಆಗುವುದಿಲ್ಲ ಅಂತ ಅವರು ಹೇಳಿದರೆ, ಎರಡನೇ ಸರ್ವರಿಗೆ ಸ್ಟ್ರೀಮಿಂಗ್ ರೆಪ್ಲಿಕೇಶನ್ (ಬದಲಾವಣೆಗಳನ್ನು ಆಗಿಂದಾಗ್ಗೆ ಅಲ್ಲಿಗೂ ಕಳಿಸುವ ವ್ಯವಸ್ಥೆ) ಹಾಕುವ ಮಾತು ಆಗ ಎತ್ತಿ.